ಹದಿನೇಳರಿಂದ ಶುರುವಾಗುವ ಪುಸ್ತಕ

ನೀಲವ್ವ "ನಲವತ್ತೊಂದು" ಎಂದರೆ ಸಾಕು, ಹದಿನಾಲ್ಕು ಪುಸ್ತಕಗಳ ಹಾಳೆಗಳು ಒಮ್ಮೆಲೇ ಮಗುಚುತ್ತಿದ್ದವು. ಮೊದಲು ಸರ್ರ್ ಎಂಬ ದೊಡ್ಡ ಸದ್ದು, ಆಮೇಲೆ ಎಂಜಲು ಹಚ್ಚಿದ ಬೆರಳುಗಳು ಒಂದೊಂದೇ ಹಾಳೆ ಬಿಡಿಸುವ ಸಣ್ಣ ಸದ್ದು, ಕಡೆಗೆ ಯಾರೋ ಒಬ್ಬಾಕೆಯ ತಡವಾದ ಟಪ್. ಅದಾದ ಮೇಲೆಯೇ ತಾಳ. ಈ ವಯಸ್ಸಿನಲ್ಲಿ ನನಗೆ ಹಾಡುಗಳು ಮರೆತಿವೆ, ಆ ಸದ್ದು ಮಾತ್ರ ಕಿವಿಯಲ್ಲಿ ಹಾಗೇ ಇದೆ.

ಇದು ಕುಂದಗೋಳದ ನಮ್ಮ ಓಣಿಯ ಗುಡಿಯಲ್ಲಿ ಸೋಮವಾರ ಸಂಜೆ ಸೇರುವ ಹೆಂಗಸರ ಭಜನಾ ಮಂಡಳಿಯ ಮಾತು. ನಮ್ಮ ಮಂಡಳಿಯಲ್ಲಿ ಹಾಡುಗಳಿಗೆ ಹೆಸರಿಲ್ಲ, ಪುಟದ ನಂಬರ್ ಮಾತ್ರ. "ನಮ್ಮಕ್ಕನ ಲಗ್ನದಾಗ ಅರವತ್ತೆರಡು ಹಾಡಿದ್ರು" ಎನ್ನುತ್ತಾರೆ. ಯಾರಾದರೂ ತೀರಿಕೊಂಡರೆ "ನಲವತ್ತೊಂದು ಹಾಡಬೇಕಾಗೇತಿ" ಎಂದು ಮುಖ ಸಣ್ಣದು ಮಾಡುತ್ತಾರೆ. ಹುಬ್ಬಳ್ಳಿಯ ಕಾನ್ವೆಂಟಿಗೆ ದಿನಾ ರೈಲಿನಲ್ಲಿ ಹೋಗಿ ಬಂದ ನಾನು ಇದನ್ನು ಕೇಳಿ ಮೂಗು ಮುರಿಯುತ್ತಿದ್ದೆ. ಹಾಡೇನು ಜೈಲಿನ ಕೈದಿಯೇ, ನಂಬರಿನಿಂದ ಕರೆಯಲು? ನಮ್ಮ ಕಾನ್ವೆಂಟಿನ ಚಾಪೆಲ್ಲಿನಲ್ಲೂ ಅಂದಿನ ಹಾಡುಗಳ ನಂಬರನ್ನು ಮರದ ಹಲಗೆಗೆ ಸಿಕ್ಕಿಸುತ್ತಿದ್ದರು, ನಾವೂ ಹಾಗೇ ಹಾಳೆ ತಿರುವುತ್ತಿದ್ದೆವು ಎಂಬುದು ನನಗೆ ಹೊಳೆದದ್ದು ಎಪ್ಪತ್ತು ದಾಟಿದ ಮೇಲೆ. ಅಲ್ಲಿ ಮಾಡಿದರೆ ಡಿಸಿಪ್ಲಿನ್, ಗುಡಿಯಲ್ಲಿ ಮಾಡಿದರೆ ಇಗ್ನರೆನ್ಸ್. ನನ್ನ ಎಜುಕೇಶನ್ನಿನ ಬಹುಪಾಲು ಇಂಥದೇ.

ಈ ಪುಸ್ತಕದ ಇನ್ನೊಂದು ವಿಚಿತ್ರವೆಂದರೆ ಅದು ಹದಿನೇಳನೆಯ ಪುಟದಿಂದ ಶುರುವಾಗುತ್ತದೆ. ಮೊದಲ ಹಾಡು ಹದಿನೇಳು, ಕಡೆಯದು ನೂರಾ ಹನ್ನೆರಡು. ನೂರಾ ಹನ್ನೆರಡು ಎಂದರೆ ಮಂಗಳ. ಅದನ್ನು ಹಾಡಿದರೆ ಮುಗಿಯಿತು, ಎಲ್ಲರೂ ಏಳಬೇಕು, ಸೆರಗು ಝಾಡಿಸಬೇಕು, ಮನೆಯ ದಾರಿ ಹಿಡಿಯಬೇಕು.

ಹದಿನೇಳು ಎಲ್ಲಿಂದ ಬಂತು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ, ಏಕೆಂದರೆ ಆ ನಂಬರ್ ಹಾಕಿದ್ದು ನಾನೇ. ಸಿಸ್ಟರ್ ಅಗ್ನೆಸ್ ಎಂಬ ನಮ್ಮ ಇಂಗ್ಲಿಷ್ ಟೀಚರ್, ಹೊಸ ನೋಟ್‌ಬುಕ್ ಕೊಂಡ ದಿನವೇ ಅದರ ಎಲ್ಲ ಪುಟಗಳಿಗೂ ನಂಬರ್ ಹಾಕಿಸುತ್ತಿದ್ದರು. ಕೆಂಪು ಗುರುತು ಬಿದ್ದ ಹಾಳೆಯನ್ನು ಹುಡುಗಿಯರು ಹರಿದು ಬಚ್ಚಿಡಬಾರದು ಎಂಬ ಹಂಚಿಕೆ. ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ನಾನು ಹದಿನಾರು ಪುಟ ಕಾಂಪೊಸಿಷನ್ ಬರೆದೆ. ಹದಿನಾರರಲ್ಲೂ ಕೆಂಪು ಮಸಿಯ "ಕೇರ್‌ಲೆಸ್, ಸರೋಜಾ." ಅಷ್ಟರಲ್ಲಿ ವರ್ಷ ಮುಗಿಯಿತು, ಪುಸ್ತಕ ಉಳಿಯಿತು. ಬಾಜೂ ಮನೆಯ ನೀಲವ್ವ ನನ್ನದೇ ಓರಿಗೆಯವಳು, ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ತಂದೆಯ ಕುರಿ ಕಾಯಲು ನಿಂತವಳು. ಹಾಡು ಬರೆದುಕೊಳ್ಳಲು ಒಂದು ಪುಸ್ತಕ ಬೇಕು ಎಂದಳು. ನಾನು ಮಹಾರಾಣಿಯ ಗತ್ತಿನಲ್ಲಿ ಇದನ್ನೇ ಕೊಟ್ಟೆ. "ಮೊದಲಿನ ಹಾಳಿ ಹರದ ಒಗದ ಬಿಡು" ಎಂದೂ ಹೇಳಿದೆ. ಆಕೆ ಹದಿನೇಳರಿಂದ ಹಾಡು ಬರೆದಳು. ಆ ಪುಸ್ತಕದಿಂದ ಝೆರಾಕ್ಸ್ ಆಯಿತು, ಝೆರಾಕ್ಸಿನಿಂದ ಝೆರಾಕ್ಸ್ ಆಯಿತು. ಹೀಗೆ ನನ್ನ ಹೈಸ್ಕೂಲಿನ ಅಂಕಿಗಳು ಹದಿನಾಲ್ಕು ಹೆಂಗಸರ ಬಾಯಿಗೆ ಬಂದವು.

ಕಾಲ ಕಳೆದಂತೆ ನೀಲವ್ವನ ಕಣ್ಣು ಹೋದವು. ನಂಬರ್ ಹೋಗಲಿಲ್ಲ. ಸಂದರ್ಭ ಹೇಳಿದರೆ ಸಾಕು, ಆಕೆ ತೊಡೆಯ ಮೇಲೆ ಮುಚ್ಚಿದ ಪುಸ್ತಕವನ್ನಿಟ್ಟುಕೊಂಡು ಪುಟ ಹೇಳುತ್ತಿದ್ದಳು, ಕಣ್ಣಿದ್ದವರು ಹುಡುಕಿಕೊಳ್ಳುತ್ತಿದ್ದರು. ಮಂಡಳಿಯಲ್ಲಿ ಆಕೆಯ ಜಾಗ ಅದೊಂದರ ಮೇಲೆ ನಿಂತಿತ್ತು.

ಇಷ್ಟು ಚಂದ ನಡೆಯುತ್ತಿದ್ದುದರಲ್ಲಿ ಕೈ ಹಾಕಿದ್ದು ನಾನು. ಝೆರಾಕ್ಸಿನ ಅಕ್ಷರಗಳು ಮಸುಕಾಗಿ, "ಗುರುವೆ" ಎಂಬುದೂ "ಕುರಿಯೆ" ಎಂಬುದೂ ಒಂದೇ ರೀತಿ ಕಾಣತೊಡಗಿದ್ದವು. ತಮ್ಮನ ಮಗಳು ಹೊಸ ಲ್ಯಾಪ್‌ಟಾಪ್ ಕೊಂಡು ಹಳೆಯದನ್ನು ನನ್ನ ತಲೆಗೆ ಕಟ್ಟಿದ್ದಳು. ನಾನೇ ಟೈಪ್ ಮಾಡಿ ಕೊಡುತ್ತೇನೆ ಎಂದೆ. ಎಲ್ಲರೂ ಕೊಂಡಾಡಿದರು. ಒಂದೂವರೆ ತಿಂಗಳು ಎರಡು ಬೆರಳಿನಲ್ಲಿ ಕುಟ್ಟಿದೆ. ಒಂದು ಪುಟದ ಹಾಡನ್ನು ಒಂದೇ ಪುಟದಲ್ಲಿ, ಎರಡು ಪುಟದ್ದನ್ನು ಎರಡರಲ್ಲಿ, ಹಳೆಯದರಲ್ಲಿ ಹೇಗಿತ್ತೋ ಹಾಗೇ ಕೂಡಿಸಿದೆ. ಯಂತ್ರವು ಕೆಳಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತ ಬಂತು. ಅದನ್ನು ನೋಡಿ ನನಗೆ ಸಮಾಧಾನವೇ ಆಯಿತು. ಹದಿನೇಳು ಎಂಬುದು ಹಳೆಯ ರಟ್ಟಿಗೆ ಅಂಟಿದ ಕೊಳೆ, ಈಗ ತೊಳೆದು ಹೋಯಿತು ಎಂದುಕೊಂಡೆ. ಪುಸ್ತಕವೆಂದರೆ ಒಂದರಿಂದ ಶುರುವಾಗಬೇಕು. ಡೀಸೆಂಟ್ ಆಗಿ.

ಶ್ರಾವಣದ ಮೊದಲ ಸೋಮವಾರ ಹೊಸ ಪುಸ್ತಕ ಹಂಚಿದೆವು. ಶುರುವಿನ ಹಾಡು ಎಲ್ಲರಿಗೂ ಬಾಯಿಪಾಠ, ಯಾರೂ ಪುಸ್ತಕ ತೆರೆಯಲಿಲ್ಲ, ಏನೂ ಗೊತ್ತಾಗಲಿಲ್ಲ. ಆಮೇಲೆ ನೀಲವ್ವ, ಆ ವಾರ ತೀರಿಕೊಂಡಿದ್ದ ಒಬ್ಬ ಹಿರಿಯರ ನೆನಪಿಗೆಂದು, "ನಲವತ್ತೊಂದು" ಎಂದಳು. ಸರ್ರ್ ಎಂದಿತು. ನೀಲವ್ವನೂ ಹಳೆಯ ಪುಸ್ತಕ ತಂದಿದ್ದ ನಾಲ್ಕು ಜನರೂ ದೇಹವೆಂಬ ಮನೆ ಖಾಲಿ ಮಾಡುವ ಪದ ಎತ್ತಿಕೊಂಡರು. ಹೊಸ ಪುಸ್ತಕದವರು ತಮ್ಮ ನಲವತ್ತೊಂದನೆಯ ಪುಟದಲ್ಲಿದ್ದ ತೊಟ್ಟಿಲ ಪದ ಎತ್ತಿಕೊಂಡರು. ಒಂದು ಕಡೆ ಜೀವವನ್ನು ಕಳಿಸುತ್ತಿದ್ದಾರೆ, ಇನ್ನೊಂದು ಕಡೆ ಹೆಸರಿಟ್ಟು ತೂಗುತ್ತಿದ್ದಾರೆ. ತಾಳ ಹಾಕುವವಳು ಎರಡಕ್ಕೂ ಅರ್ಧರ್ಧ ಹಾಕಿ ನಿಲ್ಲಿಸಿಬಿಟ್ಟಳು.

ಹಳೆಯ ಪುಸ್ತಕದ ನಾಲ್ವರೂ ಮಸುಕು ಅಕ್ಷರದಲ್ಲಿ ತಾವೇ ತಪ್ಪು ಓದಿರಬೇಕೆಂದು ಅದನ್ನು ಮುಚ್ಚಿ, ಪಕ್ಕದವರ ಹೊಸ ಪುಸ್ತಕಕ್ಕೆ ಬಗ್ಗಿದರು. ನೀಲವ್ವ ಮತ್ತೊಂದು ನಂಬರ್ ಹೇಳಿದಳು, ಅದೂ ತಪ್ಪಿತು. ಮೂರನೆಯದೂ ತಪ್ಪಿತು. ನಮ್ಮ ಅಧ್ಯಕ್ಷೆ ಕಮಲವ್ವ, ಸಕ್ಕರೆ ಸುರಿದಂಥ ದನಿಯಲ್ಲಿ, ನೀಲವ್ವನಿಗೆ ವಯಸ್ಸಾಯಿತು, ಇನ್ನೆಷ್ಟು ನೆನಪಿಟ್ಟುಕೊಂಡಾಳು, ಮುಂದಿನ ವಾರದಿಂದ ತಾನೇ ಹೇಳುತ್ತೇನೆ ಎಂದಳು. ನೀಲವ್ವ ತೊಡೆಯ ಮೇಲಿನ ಪುಸ್ತಕವನ್ನು ನೆಟ್ಟಗೆ ಮಾಡಿಕೊಂಡಳು. ಸುಮ್ಮನೆ ಮುಗಿಸಿಬಿಡೋಣವೆಂದು "ನೂರಾ ಹನ್ನೆರಡು" ಎಂದಳು. ಹೊಸ ಪುಸ್ತಕ ಹಿಡಿದಿದ್ದ ಒಬ್ಬಾಕೆ ಹಿಂದುಮುಂದು ತಿರುವಿ ನೋಡಿ ಹೇಳಿದಳು:

"ಅಂಥಾ ಪುಟನ ಇಲ್ಲಲ್ರಿ ಇದರಾಗ."

ನನ್ನ ಪುಸ್ತಕ ತೊಂಬತ್ತಾರಕ್ಕೆ ಮುಗಿದಿತ್ತು.

ನೀಲವ್ವ ಆ ಕ್ಷಣದಲ್ಲಿ ಅದನ್ನು ನಂಬಿಬಿಟ್ಟಳು. ತನ್ನ ತಲೆಯೇ ಕೆಟ್ಟಿತು ಎಂದುಕೊಂಡಳು. ನನಗೆ ನಲವತ್ತೊಂದಕ್ಕೇ ಎಲ್ಲ ತಿಳಿದುಹೋಗಿತ್ತು. ಹದಿನಾರರ ವ್ಯತ್ಯಾಸ, ಅಷ್ಟೇ ಲೆಕ್ಕ. ಬಾಯಿ ಬಿಟ್ಟರೆ ಒಂದು ಮಾತಿನ ಕೆಲಸ. ಆದರೆ ಎಲ್ಲರೂ ಅದೇ ತಾನೆ ನನ್ನ ಕೊರಳಿಗೆ ಮಾಲೆ ಹಾಕಿದ್ದರು, ಅದರ ಸೇವಂತಿಗೆ ಇನ್ನೂ ಬಾಡಿರಲಿಲ್ಲ. ಸುಮ್ಮನೆ ಕುಳಿತೆ. ಒಂದು ವಾರದೊಳಗೆ ನೀಲವ್ವ ದೇವಿಕೊಪ್ಪದ ಮಗಳ ಮನೆಗೆ ಹೊರಟುಹೋದಳು.

ಆಮೇಲೆ ನನಗೆ ಪುಸ್ತಕವನ್ನು ಹದಿನೇಳರಿಂದ ಶುರು ಮಾಡದೆ ಗತಿಯಿರಲಿಲ್ಲ. ಇದೇನು ಮಹಾ ಕೆಲಸ ಎಂದು ನೀವು ಅನ್ನಬಹುದು. ಹಾಗೆ ಅನ್ನುವವರು ವರ್ಡ್ ಪ್ರೊಸೆಸರ್ ಎಂಬ ಜೀವಿಯ ಜೊತೆ ಸಂಸಾರ ಮಾಡಿದವರಲ್ಲ. ಜಗತ್ತಿನ ಎಲ್ಲ ಬರವಣಿಗೆಯೂ ಒಂದರಿಂದಲೇ ಶುರುವಾಗುತ್ತದೆ ಎಂದು ಅದಕ್ಕೆ ಹುಟ್ಟಾ ನಂಬಿಕೆ. ಪುಟದ ಅಂಕಿಯ ಫಾರ್ಮ್ಯಾಟ್ ಎಂಬಲ್ಲಿ, ಮೂರು ಮೆನುವಿನ ಒಳಗೆ, "ಸ್ಟಾರ್ಟ್ ಆ್ಯಟ್" ಎಂಬ ಪುಟ್ಟ ಕಿಂಡಿ ಇಟ್ಟಿದ್ದಾರೆ. ಅದರಲ್ಲಿ ಹದಿನೇಳು ತುಂಬಿದೆ. ಈ ಸಲ ಮುಂದೆ ಒಂದು ರಟ್ಟಿನ ಪುಟವನ್ನೂ ಒಂದು ಅನುಕ್ರಮಣಿಕೆಯನ್ನೂ ಹೊಸದಾಗಿ ಸೇರಿಸಿದ್ದೆ. ರಟ್ಟಿನ ಪುಟಕ್ಕೆ ಹದಿನೇಳು ಬಿತ್ತು, ಅನುಕ್ರಮಣಿಕೆಗೆ ಹದಿನೆಂಟು, ಮೊದಲ ಹಾಡಿಗೆ ಹತ್ತೊಂಬತ್ತು. ಹಾಡಿಗೆ ಎಂದು ತಂದ ಸೀರೆಯನ್ನು ಬಾಗಿಲು ಕಾಯುವವರು ಉಟ್ಟುಕೊಂಡು ಕುಳಿತ ಹಾಗೆ.

ಹದಿನೈದು ತುಂಬಿದರಾಯಿತು ಎಂದು ಜಾಣತನ ಮಾಡಿದೆ. ಹಾಡು ಹದಿನೇಳಕ್ಕೆ ಬಂತು, ಆದರೆ ರಟ್ಟಿನ ಮೇಲೆ ಹದಿನೈದು ಎಂದು ಕಾಣತೊಡಗಿತು. ಮೊದಲ ಪುಟಕ್ಕೆ ಬೇರೆ ಪದ್ಧತಿ ಎಂಬ ಚೌಕಕ್ಕೆ ಗುರುತು ಹಾಕಿದರೆ ರಟ್ಟಿನ ಅಂಕಿ ಅಡಗಿತು, ಅನುಕ್ರಮಣಿಕೆಯದು ಹಲ್ಲು ಕಿರಿಯುತ್ತ ಉಳಿಯಿತು. ಮುಂದೆ ಒಂದು ಮುನ್ನುಡಿ ಸೇರಿಸಬೇಕೆಂದು ಕಮಲವ್ವನ ಹಟ ಬೇರೆ ಇತ್ತು. ಅದು ಬಂದರೆ ಹಾಡೆಲ್ಲ ಮತ್ತೆ ಒಂದು ಪುಟ ಕೆಳಗೆ ಜಾರುತ್ತಿತ್ತು. ಸುಳ್ಳು ಹೇಳಿ ಸರಿ ಮಾಡಿದ್ದು ಎಷ್ಟು ದಿನ ನಿಲ್ಲುತ್ತದೆ?

ಹೆಲ್ಪ್ ಎಂಬುದನ್ನು ಓದಿದೆ. ಹೆಲ್ಪ್ ಬರೆಯುವವರು ಎಂದೂ ಕಷ್ಟದಲ್ಲಿ ಸಿಕ್ಕಿದವರಲ್ಲ. ಮುಂಭಾಗಕ್ಕೂ ಹಾಡುಗಳಿಗೂ ನಡುವೆ ಸೆಕ್ಷನ್ ಬ್ರೇಕ್ ಎಂಬ ಬೇಲಿ ಹಾಕಬೇಕಂತೆ. ನಾನು ಸಂಭ್ರಮದಲ್ಲಿ ಅನುಕ್ರಮಣಿಕೆ ಆದ ಮೇಲೊಂದು ಹಾಕಿದೆ, ಚಂದ ಕಂಡಿತೆಂದು ಹಾಡುಹಾಡಿಗೂ ಒಂದೊಂದು ಹಾಕಿದೆ, ಕಿಂಡಿಯಲ್ಲಿ ಮತ್ತೆ ಹದಿನೇಳು ತುಂಬಿದೆ. ಕೆಳಗೆ ನೋಡುತ್ತೇನೆ, ಪ್ರತಿ ಹಾಡೂ ಹದಿನೇಳು! ಗುರುವಿನ ಪದ ಹದಿನೇಳು, ಬಸವನ ಪದ ಹದಿನೇಳು, ಮಂಗಳವೂ ಹದಿನೇಳು. ಒಂದೊಂದು ಸೆಕ್ಷನ್ನೂ ತಾನೇ ಹೊಸ ಪುಸ್ತಕವೆಂದು ತಿಳಿದು ಹೊಸದಾಗಿ ಎಣಿಕೆ ಶುರು ಮಾಡಿತ್ತು. ನಮ್ಮ ಊರಿನ ಹಿರಿಯರ ಸಭೆಯೇ ನೆನಪಾಯಿತು. ಅಲ್ಲಿಯೂ ಯಾರೂ ಹಿಂದಿನವರು ನಿಲ್ಲಿಸಿದಲ್ಲಿಂದ ಮಾತು ಮುಂದುವರಿಸುವುದಿಲ್ಲ.

ಸೋತು, ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯ ಶಿವಾನಂದನ ಹತ್ತಿರ ಹೋದೆ. ಲಗ್ನಪತ್ರಿಕೆಯಿಂದ ಹೊಲದ ಉತಾರದವರೆಗೆ ಊರಿನ ಸಕಲ ಕಾಗದವೂ ಅವನ ಕೈಯಿಂದಲೇ ಹೊರಬರುತ್ತದೆ. ಐವತ್ತರ ಆಸುಪಾಸಿನ ಮನುಷ್ಯ, ಆತ್ಮವಿಶ್ವಾಸ ಮಾತ್ರ ಮೂರು ಜನರಿಗೆ ಆಗುವಷ್ಟು. ಕೀಬೋರ್ಡಿನ ಎಂಟರ್ ಒಂದನ್ನೇ ಒತ್ತಿ ಒತ್ತಿ ಅಕ್ಷರಗಳನ್ನು ಮುಂದಿನ ಪುಟಕ್ಕೆ ನೂಕುವುದು ಅವನ ಪದ್ಧತಿ. ಎಮ್ಮೆಯನ್ನು ಕೊಟ್ಟಿಗೆಗೆ ನೂಕಿದಂತೆ. ಒಂದು ಸಾಲು ಹೆಚ್ಚಾದರೆ ಮುಂದಿನ ಎಮ್ಮೆಗಳೆಲ್ಲ ಹೊರಗೆ. ಸಮಸ್ಯೆ ಕೇಳಿ ಅರೆ ನಿಮಿಷ ಯೋಚಿಸಿ ಹೇಳಿದ:

"ಅಮ್ಮಾರ, ಮುಂದ ಹದಿನಾರು ಖಾಲಿ ಪೇಜ್ ಹಾಕಿಬಿಡೂಣ್ರಿ. ತಾನ ಹದಿನೇಳು ಬರ್ತೈತಿ."

"ಖಾಲಿ ಹಾಳಿ ಯಾರಿಗೆ ಬೇಕೋ?"

"ಇರ್ಲಿ ಬಿಡ್ರಿ, ಕಿರಾಣಿ ಚೀಟಿ ಬರ್ಕೊಳ್ಳಾಕ ಬರ್ತಾವು."

ನಾನು ಎದ್ದು ಬಂದೆ. ಆದರೂ ಆ ಮನುಷ್ಯನಿಗೆ ಯಂತ್ರಕ್ಕಿಂತ ಹೆಚ್ಚು ಬುದ್ಧಿಯಿತ್ತು ಎಂದು ಈಗ ಅನಿಸುತ್ತದೆ. ಹದಿನೇಳು ಬರಬೇಕಾದರೆ ಅದರ ಹಿಂದೆ ಹದಿನಾರು ಏನಾದರೂ ಇದ್ದೇ ಇರಬೇಕು ಎಂಬುದಾದರೂ ಅವನಿಗೆ ತಿಳಿದಿತ್ತು.

ಒಂದರಿಂದ ಶುರುವಾಗುವುದು ಲೋಕದಲ್ಲಿ ಏನಿದೆ ಹೇಳಿ? ನಮ್ಮ ಸ್ಟೇಷನ್ನಿನ ಪಕ್ಕದ ಕಲ್ಲಿನ ಮೇಲೆ ಬರೆದ ಕಿಲೋಮೀಟರ್ ಎಲ್ಲಿಂದಲೋ ಎಣಿಸಿಕೊಂಡು ಬಂದದ್ದು, ಕುಂದಗೋಳಕ್ಕೆ ಬಂದೆನೆಂದು ಅದು ಸೊನ್ನೆಯಾಗುವುದಿಲ್ಲ. ಸೊಸೆಯಾಗಿ ಒಂದು ಮನೆಗೆ ಹೋದವಳು ಆ ಮನೆಯ ಇನ್ನೂರನೆಯ ಪುಟಕ್ಕೋ ಮುನ್ನೂರನೆಯ ಪುಟಕ್ಕೋ ಹೋಗಿರುತ್ತಾಳೆ. ನನ್ನನ್ನು ಎರಡು ಓಣಿ ಆಚೆ ಕೊಟ್ಟಾಗ ಅತ್ತೆಯವರು ಮೊದಲ ದಿನವೇ ಹಳೆಯ ಜಗಳವೊಂದರ ನಡುವಿನಿಂದ ಮಾತು ಶುರು ಮಾಡಿದರು. ಹಿಂದಿನದನ್ನು ನಾನು ಹತ್ತು ವರ್ಷ ಬೇರೆಯವರ ಬಾಯಿಂದ ಕೇಳಿ ಜೋಡಿಸಿಕೊಂಡೆ. ತಾಡವೋಲೆಗಳ ಗಂಟು ಬಿಚ್ಚಿದವರು ಹೇಳುತ್ತಾರೆ, ಎಷ್ಟೋ ಕಟ್ಟುಗಳಿಗೆ ಮೊದಲ ಗರಿಗಳೇ ಇರುವುದಿಲ್ಲ, ಉಳಿದ ಗರಿಯ ಮೇಲೆ ಮಾತ್ರ ತನ್ನ ಅಂಕಿ ಹಾಗೇ ಇರುತ್ತದೆ ಎಂದು. ಯಾವ ಪಂಡಿತನೂ ಅದನ್ನು ಅಳಿಸಿ ಒಂದು ಎಂದು ತಿದ್ದುವುದಿಲ್ಲ. ಅಷ್ಟು ಧೈರ್ಯ ಇರುವುದು ಯಂತ್ರಕ್ಕೆ, ಮತ್ತು ಕಾನ್ವೆಂಟಿನಲ್ಲಿ ಓದಿದವರಿಗೆ.

ಎರಡನೆಯ ವಾರದ ಕೊನೆಗೆ ದಾರಿ ಸಿಕ್ಕಿತು. ನನ್ನಂತೆ ಅಳುತ್ತಿರುವವರು ಬೇರೆ ಇದ್ದರೆ ಅವರಿಗಾಗಿ ಹೇಳುತ್ತೇನೆ. ಹಾಡುಹಾಡಿನ ನಡುವೆ ಬರೀ ಪೇಜ್ ಬ್ರೇಕ್ ಸಾಕು. ಸೆಕ್ಷನ್ ಬ್ರೇಕ್ ಒಂದೇ ಒಂದು, ಮುಂಭಾಗ ಮುಗಿದಲ್ಲಿ. ಆಮೇಲೆ ಹಾಡಿನ ಭಾಗದಲ್ಲಿ ಪುಟದ ಕೆಳಗಿನ ಫೂಟರಿಗೆ ಹೋಗಿ, "ಲಿಂಕ್ ಟು ಪ್ರೀವಿಯಸ್" ಎಂಬ ಕೊಂಡಿಯನ್ನು ಮೊದಲು ಕಳಚಬೇಕು. ಕಳಚದೆ ಮುಂಭಾಗದ ಅಂಕಿ ಅಳಿಸಿದರೆ ಹಾಡಿನ ಅಂಕಿಯೂ ಅಳಿಸಿಹೋಗುತ್ತದೆ, ನಾನು ಮೂರು ಸಲ ಅಳಿಸಿಕೊಂಡೆ. ಕಳಚಿದ ಮೇಲೆ ಕಿಂಡಿಯಲ್ಲಿ ಹದಿನೇಳು. ಮುಂದೆ ಮುನ್ನುಡಿ ಬರಲಿ, ಫೋಟೋ ಬರಲಿ, ಹಾಡು ಕದಲುವುದಿಲ್ಲ.

ಹಿಂದಿನದರ ಕೊಂಡಿ ಕಳಚಿದರೆ ಮಾತ್ರ ನಿನ್ನ ಅಂಕಿ ನಿನಗೆ ಎಂದು ಯಂತ್ರ ಹೇಳುತ್ತದೆ. ಎಂಥ ಫಿಲಾಸಫಿ! ನನಗೆ ಬೇಕಾದದ್ದು ಸರಿಯಾಗಿ ಅದರ ಉಲ್ಟಾ ಆಗಿತ್ತು.

ಶಿವಾನಂದನ ಅಂಗಡಿಯಲ್ಲಿ ತಾಳೆ ನೋಡಲೆಂದು ಹದಿನೇಳನೆಯ ಪುಟ ಪ್ರಿಂಟ್ ಮಾಡು ಎಂದರೆ ಮೂವತ್ತೊಂದು ಹೊರಬಂತು. ಪಿಡಿಎಫ್ ಎಂಬುದು ಮತ್ತೆ ರಟ್ಟಿನಿಂದ ತನ್ನದೇ ಎಣಿಕೆ ಹಾಕಿಕೊಂಡಿತ್ತು. "ನಿಮ್ಮ ಪುಸ್ತಕಕ್ಕ ತಿಳೀವಲ್ದು ಅಮ್ಮಾರ" ಎಂದ. ಮೂರನೆಯ ಹಾಳೆ ತೆಗೆ ಎಂದೆ. ಬಂತು, ಕೆಳಗೆ ಸರಿಯಾಗಿ ಹದಿನೇಳು. ಆ ಹಾಳೆಯನ್ನು ನೋಡಿ ನನಗೆ ಆದ ಸಂತೋಷ, ನಿಜ ಹೇಳುತ್ತೇನೆ, ಮೆಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ.

ಆದರೆ ಯಂತ್ರ ರಿಪೇರಿಯಾದ ಮಾತ್ರಕ್ಕೆ ಎಲ್ಲ ರಿಪೇರಿಯಾಗುವುದಿಲ್ಲ. ಶ್ರಾವಣದ ಕಡೆಯ ಸೋಮವಾರ ಮಂಡಳಿಯಲ್ಲಿ ಎದ್ದು ನಿಂತು, ನೀಲವ್ವ ಹೇಳಿದ ನಂಬರೆಲ್ಲ ಸರಿಯಿದ್ದವು, ಪುಸ್ತಕ ತಪ್ಪಿತ್ತು, ತಪ್ಪಿಸಿದವಳು ನಾನು, ಗೊತ್ತಿದ್ದೂ ಸುಮ್ಮನಿದ್ದವಳೂ ನಾನೇ ಎಂದು ಹೇಳಿದೆ. ಯಾರೂ ಬೈಯಲಿಲ್ಲ. ಕಮಲವ್ವ ಪುಸ್ತಕದ ರಟ್ಟನ್ನು ಬಹಳ ಹೊತ್ತು ನೋಡಿ, ಹಾಗಾದರೆ ಒಂದರಿಂದ ಹದಿನಾರರವರೆಗೆ ಏನಿತ್ತು ಎಂದು ಕೇಳಿದಳು. ಉತ್ತರ ಹೇಳುವ ಧೈರ್ಯ ಅಷ್ಟರಲ್ಲಿ ಖರ್ಚಾಗಿತ್ತು.

ಮರುದಿನ ಹೊಸ ಪುಸ್ತಕ ಚೀಲದಲ್ಲಿಟ್ಟುಕೊಂಡು, ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಕಲಘಟಗಿ ದಾಟಿ ದೇವಿಕೊಪ್ಪಕ್ಕೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಗೋವಿನಜೋಳ ಬಿಡಿಸುತ್ತ ಕುಳಿತಿದ್ದಳು. ಕಣ್ಣಿಲ್ಲದಿದ್ದರೂ ಕೈ ನಿಂತಿರಲಿಲ್ಲ. ನನ್ನ ಚಪ್ಪಲಿಯ ಸದ್ದಿಗೇ ಗುರುತು ಹಿಡಿದು "ಬಾ ಸರೂ" ಎಂದಳು. ನಾನು ಕುಳಿತು, ಬಸ್ಸಿನಲ್ಲಿ ನಾಲ್ಕು ಸಲ ಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಆಕೆ ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಬೋಳು ಮಾಡಿ ಕೆಳಗಿಟ್ಟಳು.

"ಅವತ್ತ ಯಾಕ ಹೇಳ್ಲಿಲ್ಲ?"

"ನನ್ನ ಮರ್ಯಾದಿ ಹೋಗ್ತಿತ್ತು."

"ನಂದು ಹೋತಲ್ಲ."

ಇಂಗ್ಲಿಷಿನಲ್ಲಿ ಇದಕ್ಕೆ ಸಾರಿ ಎಂಬ ಶಬ್ದವಿದೆ. ಸಿಸ್ಟರ್ ಅಗ್ನೆಸ್ ಅದನ್ನು ಹೇಳುವಾಗ ಹೇಗೆ ನಿಲ್ಲಬೇಕೆಂದೂ ಕಲಿಸಿದ್ದರು. ಆ ಪಡಸಾಲೆಯಲ್ಲಿ ಆ ಶಬ್ದ ಬಾಯಿಗೆ ಬರಲಿಲ್ಲ. ನಾನೂ ಒಂದು ತೆನೆ ತೆಗೆದುಕೊಂಡು ಬಿಡಿಸತೊಡಗಿದೆ.

"ಮಂಡಳಿಯೊಳಗ ಹೇಳೀಯೇನು?" ಎಂದಳು.

"ನಿನ್ನೆ ಹೇಳೀನಿ. ಎಲ್ಲಾರ ಮುಂದ."

"ಕಮಲವ್ವ ಇದ್ಲು?"

"ಆಕಿ ಮುಂದನ."

ಆಗ ನಕ್ಕಳು. ತುಸುವೇ, ಆದರೆ ನಕ್ಕಳು. ಎದ್ದು ಗೋಡೆ ಹಿಡಿದು ಒಳಗೆ ಹೋಗಿ, ಟ್ರಂಕಿನಿಂದ ಏನೋ ತಂದು ನನ್ನ ತೊಡೆಯ ಮೇಲಿಟ್ಟಳು. ಆ ದಪ್ಪ ರಟ್ಟಿನ ಪುಸ್ತಕ. ತೆರೆದರೆ ಮೊದಲ ಪುಟ, ಕೆಳಗೆ ನನ್ನ ದುಂಡು ಅಕ್ಷರದ "ಒಂದು". ಹದಿನಾರೂ ಪುಟ ಹಾಗೇ ಇದ್ದವು, ಸಿಸ್ಟರರ ಕೆಂಪು ಮಸಿ ಕಂದು ಬಣ್ಣಕ್ಕೆ ತಿರುಗಿತ್ತು.

"ಹರದ ಒಗಿ ಅಂದಿದ್ನಲ್ಲ ನೀಲಾ?"

"ನೀ ಅಂದಿದ್ದಿ. ಹಾಳಿ ನಂದಲ್ಲ, ಹೆಂಗ ಹರೀಲಿ? ನನ್ನದು ಹದಿನೇಳರಿಂದ." ಎಂದು, ಗೋಡೆಗೆ ಒರಗಿ ಕುಳಿತು, "ಏನ ಬರದಿದ್ದಿ ಅದರಾಗ? ಅರವತ್ತು ವರ್ಷ ಆತು, ಒಮ್ಮಿ ಓದ ನೋಡೂಣು" ಎಂದಳು.

ಹದಿನಾರನೆಯ ಪುಟದಲ್ಲಿದ್ದದ್ದು ಮೈ ಆ್ಯಂಬಿಷನ್. ದೊಡ್ಡವಳಾಗಿ ಪುಸ್ತಕ ಬರೆಯುತ್ತೇನೆ, ನನ್ನ ಪುಸ್ತಕವನ್ನು ದೂರದೂರದವರು ಓದುತ್ತಾರೆ ಎಂದು ಬರೆದಿದ್ದೆ, ಮೂರು ಸ್ಪೆಲಿಂಗ್ ತಪ್ಪಿನೊಂದಿಗೆ. ಬರೆಯಲಿಲ್ಲ. ಅದಕ್ಕೇ ಆ ಹಾಳೆಗಳ ನೆನಪೂ ನನಗೆ ಬೇಡವಾಗಿತ್ತು. ಕನ್ನಡದಲ್ಲಿ ಅರ್ಥ ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು.

"ಮತ್ತ ಬರದಿಯಲ್ಲ" ಎಂದಳು ನೀಲವ್ವ, ನಾನು ತಂದ ಹೊಸ ಪುಸ್ತಕವನ್ನು ಬೆರಳಿನಿಂದ ಸವರುತ್ತ. "ಒಂದ ಸಲ ತಪ್ಪ, ಒಂದ ಸಲ ಸರಿ. ಎರಡ ಪುಸ್ತಕ ಆತು."

ಆಮೇಲೆ ಆಕೆ ನನ್ನನ್ನು ಪರೀಕ್ಷೆಗೆ ಹಚ್ಚಿದಳು. ಮೂವತ್ತಾರು ಎಂದಳು, ತೆಗೆದೆ, ಅದೇ ಹಾಡು. ಅರವತ್ತೆರಡು ಎಂದಳು, ಅದೇ ಹಾಡು. ನಲವತ್ತೊಂದು ಎಂದು ಹೇಳಿ ನನ್ನ ಕಡೆಗೆ ಕಿವಿ ಮಾಡಿದಳು. ನಾನು ಮೊದಲ ಸಾಲು ಓದಿದೆ. ಆಕೆಯ ಭುಜ ಇಳಿದದ್ದು ಕಂಡಿತು. ಇಬ್ಬರೂ ಹಾಡಿದೆವು. ಮಗಳು ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. ನನ್ನ ಶ್ರುತಿ ಕಾನ್ವೆಂಟಿನದು, ಆಕೆಯದು ಕುರಿ ಕಾಯ್ದದ್ದು. ಎರಡೂ ಎಲ್ಲಿಯೂ ಕೂಡಲಿಲ್ಲ. ಯಾರೂ ನಿಲ್ಲಿಸಲಿಲ್ಲ.

ಕಡೆಯ ಬಸ್ಸಿನ ಹೊತ್ತಾಯಿತು ಎಂದು ಮಗಳು ನೆನಪು ಮಾಡಿದಳು. ನಾನು ರೂಢಿಯಂತೆ ಕೊನೆಯ ಪುಟ ತೆಗೆದು, ನೂರಾ ಹನ್ನೆರಡು ಹಾಡಿ ಮುಗಿಸೋಣವೇ ಎಂದೆ. ನೀಲವ್ವ ಕೈ ಚಾಚಿ, ಪುಸ್ತಕ ಎಲ್ಲಿದೆ ಎಂದು ತಡವಿ ಹುಡುಕಿ, ಅದನ್ನು ನನ್ನ ಕೈಯಲ್ಲಿಯೇ ಮುಚ್ಚಿದಳು.

"ಅದೊಂದು ಇವತ್ತ ಬ್ಯಾಡ. ಅದನ್ನ ಹಾಡಿದ್ರ ಏಳಬೇಕಾಗ್ತೈತಿ."

ನಾನು ಹಾಡದೆ ಎದ್ದೆ. ತಿರುವಿನಲ್ಲಿ ನಿಂತು ನೋಡಿದಾಗ ಆಕೆ ಪಡಸಾಲೆಯಲ್ಲಿ, ಒಂದು ತೊಡೆಯ ಮೇಲೆ ಹಳೆಯ ಪುಸ್ತಕ, ಇನ್ನೊಂದರ ಮೇಲೆ ಹೊಸದು ಇಟ್ಟುಕೊಂಡು, ನನ್ನ ಚಪ್ಪಲಿಯ ಸದ್ದು ಹೋದ ಕಡೆಗೆ ಮುಖ ಮಾಡಿ ಕುಳಿತಿದ್ದಳು. ನೀಲವ್ವನನ್ನು ನಾನು ನೋಡಿದ್ದು ಅದೇ ಕಡೆಯ ಸಲ.